ಚಳಿಗಾಲ ಕಳೆಯುವ ಜೇನು

ಜನವರಿಯ ನಸುಕಿನಲ್ಲಿ ವಡೋದರಾದ ತಾಪಮಾನ 10–12 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವುದುಂಟು. ಉತ್ತರದ ಗಾಳಿ ಜೋರಾಗಿ ಬೀಸಿದರೆ ಇನ್ನೂ ಒಂದೆರಡು ಡಿಗ್ರಿ ಕಡಿಮೆ. ಆ ಹೊತ್ತಿನಲ್ಲಿ ಊರಿನ ಎತ್ತರದ ನೀರಿನ ಟ್ಯಾಂಕುಗಳ ತಳದಲ್ಲೋ ಹಳೆಯ ಕಟ್ಟಡದ ಕಮಾನಿನಲ್ಲೋ ಕಟ್ಟಿರುವ ಹೆಜ್ಜೇನನ್ನು ದೂರ ನಿಂತು ನೋಡಿದರೆ, ಜೀವವೇ ಇಲ್ಲವೇನೋ ಅನ್ನಿಸುತ್ತದೆ. ಒಂದು ನೊಣವೂ ಹಾರುತ್ತಿರುವುದಿಲ್ಲ. ಎಲ್ಲವೂ ತಲೆ ಮೇಲೆ, ಹೊಟ್ಟೆ ಕೆಳಗೆ ಮಾಡಿ, ಒಂದರ ರೆಕ್ಕೆ ಇನ್ನೊಂದರ ಬೆನ್ನಿಗೆ ತಾಗುವಂತೆ ಒತ್ತೊತ್ತಾಗಿ ಜೋತುಬಿದ್ದಿರುತ್ತವೆ. ಹೊರಗೆ ಕಾಣುವುದು ಈ ನೊಣಗಳ ಪರದೆ ಮಾತ್ರ. ಅದರ ಹಿಂದೆ ಇನ್ನೊಂದೆರಡು ಪದರ ನೊಣಗಳು, ಅದರ ಹಿಂದೆ ಒಂದೇ ಒಂದು ಎರಿ. ಆ ಎರಿಯಲ್ಲಿ ಮೊಟ್ಟೆ, ಹುಳು, ಕೋಶಗಳು ಬೆಳೆಯುತ್ತಿರುತ್ತವೆ. ಅವಕ್ಕೆ ಗೋಡೆಯಿಲ್ಲ, ಪೊಟರೆಯಿಲ್ಲ, ಪೆಟ್ಟಿಗೆಯಿಲ್ಲ. ಹೊರಗಿನ 10 ಡಿಗ್ರಿಗೂ ಒಳಗಿನ 30 ಡಿಗ್ರಿ ಮೀರಿದ ಬಿಸುಪಿಗೂ ನಡುವೆ ಇರುವುದು ನೊಣಗಳ ಮೈ ಮಾತ್ರ.

ಜೇನುನೊಣ ಚಳಿಯನ್ನು ಹೇಗೆ ತಡೆಯುತ್ತದೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಸಿಗುವ ಉತ್ತರಗಳೆಲ್ಲ ಹೆಚ್ಚಾಗಿ ಯುರೋಪ್, ಅಮೆರಿಕದ ಹಿಮಗಾಲದಿಂದ ಬಂದವು. ಅಲ್ಲಿ ಆರು ತಿಂಗಳು ಹೂವಿಲ್ಲ, ಮೂರು ತಿಂಗಳು ಹಿಮ. ಗುಜರಾತಿನ ಚಳಿಗಾಲ ಹಾಗಲ್ಲ. ಮಲೆನಾಡಿನ ಚಳಿಗಾಲವಂತೂ ಅಲ್ಲವೇ ಅಲ್ಲ. ಆದರೆ ನೊಣದ ಮೈಯೊಳಗಿನ ವ್ಯವಸ್ಥೆ ಎಲ್ಲೆಡೆ ಒಂದೇ. ಆ ವ್ಯವಸ್ಥೆಯನ್ನು ಅರ್ಥಮಾಡಿಕೊಂಡರೆ ನಮ್ಮ ನೆಲದ ಜೇನಿಗೆ ನಿಜವಾದ ಅಪಾಯ ಯಾವ ತಿಂಗಳಲ್ಲಿ, ಯಾವುದರಿಂದ ಎಂಬುದು ಸ್ಪಷ್ಟವಾಗುತ್ತದೆ. ಈ ಬರಹದ ಉದ್ದೇಶ ಅದು.

ಮೊದಲು ಒಂಟಿ ನೊಣದ ಮಾತು. ಸುಮಾರು 10 ಡಿಗ್ರಿಗಿಂತ ಕೆಳಗೆ ಅದರ ಮೈ ತಣ್ಣಗಾದರೆ ಕೈಕಾಲು ಆಡುವುದಿಲ್ಲ. ಹಿಡಿತ ತಪ್ಪಿ ಕೆಳಗೆ ಬೀಳುತ್ತದೆ, ಬೇಗ ಬಿಸಿ ಸಿಗದಿದ್ದರೆ ಸಾಯುತ್ತದೆ. ಹಾರಲು ಎದೆಯ ಭಾಗ ಸುಮಾರು 30 ಡಿಗ್ರಿಯಾದರೂ ಇರಬೇಕು. ಸಂಸಾರದ ಅಗತ್ಯ ಇನ್ನೂ ಬಿಗಿಯಾದದ್ದು. ಮರಿಗಳಿರುವ ಎರಿ 33ರಿಂದ 36 ಡಿಗ್ರಿಯ ನಡುವೆಯೇ ಇರಬೇಕು. ಹೊರಗೆ ಮೈನಸ್ 20 ಇದ್ದರೂ ಸರಿ, 43 ಇದ್ದರೂ ಸರಿ, ಆರೋಗ್ಯವಂತ ಕುಟುಂಬ ಆ ಅಂತರವನ್ನು ಕಾಪಾಡಿಕೊಳ್ಳುತ್ತದೆ. ಅಷ್ಟು ಹಟವೇಕೆ ಎಂಬುದಕ್ಕೆ ಜರ್ಮನಿಯ ವೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದ ಯುರ್ಗೆನ್ ತಾವುಟ್ಸ್ ಮತ್ತು ಸಂಗಡಿಗರು 2003ರಲ್ಲಿ ಉತ್ತರ ಕೊಟ್ಟರು. ಕೋಶಾವಸ್ಥೆಯಲ್ಲಿ 32 ಡಿಗ್ರಿಯಲ್ಲಿ ಬೆಳೆದ ನೊಣಗಳು ಹೊರನೋಟಕ್ಕೆ ಚೆನ್ನಾಗಿಯೇ ಇದ್ದವು, ಆದರೆ 36 ಡಿಗ್ರಿಯಲ್ಲಿ ಬೆಳೆದವುಗಳಿಗೆ ಹೋಲಿಸಿದರೆ ಕಲಿಯುವುದರಲ್ಲಿ, ನೆನಪಿನಲ್ಲಿ, ಹೂವಿನ ದಾರಿ ತಿಳಿಸುವ ಕುಣಿತದಲ್ಲಿ ಹಿಂದೆ ಬಿದ್ದವು. ತಣ್ಣಗಾದ ಮರಿಗಳಿಗೆ ಸುಣ್ಣಕಟ್ಟುವ ಶಿಲೀಂಧ್ರ ರೋಗವೂ ಬೇಗ ಅಂಟುತ್ತದೆ. ನಾಲ್ಕು ಡಿಗ್ರಿ ಕಡಿಮೆಯಾದದ್ದಕ್ಕೆ ದಂಡ ತೆರುವುದು ಮುಂದಿನ ತಿಂಗಳ ದುಡಿಮೆ.

ಹಾಗಾದರೆ ಬಿಸಿ ಬರುವುದು ಎಲ್ಲಿಂದ? ನೊಣದ ಎದೆಯಲ್ಲಿ ರೆಕ್ಕೆಯಾಡಿಸುವ ಎರಡು ಜೋಡಿ ದೊಡ್ಡ ಸ್ನಾಯುಗಳಿವೆ. ಒಂದು ರೆಕ್ಕೆಯನ್ನು ಎತ್ತುತ್ತದೆ, ಇನ್ನೊಂದು ಇಳಿಸುತ್ತದೆ. ಹಾರುವಾಗ ಇವು ಸರದಿಯಂತೆ ಕೆಲಸ ಮಾಡುತ್ತವೆ. ಬಿಸಿ ಬೇಕಾದಾಗ ನೊಣ ಇವೆರಡನ್ನೂ ಒಟ್ಟಿಗೇ ಬಿಗಿಯುತ್ತದೆ. ರೆಕ್ಕೆ ಕದಲುವುದಿಲ್ಲ, ಆದರೆ ಸ್ನಾಯು ಶಕ್ತಿಯನ್ನು ಸುಡುತ್ತಲೇ ಇರುತ್ತದೆ, ಎದೆ ಕಾಯುತ್ತದೆ. ನಮಗೆ ಚಳಿಯಲ್ಲಿ ಮೈ ನಡುಗುವುದೂ ಇದೇ ಕ್ರಿಯೆ. ನೊಣದ ನಡುಕ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ಶಾಖ ತೋರಿಸುವ ಕ್ಯಾಮೆರಾದಲ್ಲಿ ಎರಿಯನ್ನು ನೋಡಿದಾಗ ಮಾತ್ರ ಅಲ್ಲಲ್ಲಿ ಕೆಲವು ನೊಣಗಳ ಎದೆ 40 ಡಿಗ್ರಿ ದಾಟಿ ಹೊಳೆಯುವುದು ಗೊತ್ತಾಗುತ್ತದೆ.

ಆ ಕ್ಯಾಮೆರಾ ಬಂದ ಮೇಲೆ ಗೊತ್ತಾದ ಒಂದು ಸಂಗತಿಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಮುಚ್ಚಳ ಹಾಕಿದ ಮರಿಕೋಣೆಗಳ ನಡುವೆ ಅಲ್ಲೊಂದು ಇಲ್ಲೊಂದು ಖಾಲಿ ಕೋಣೆ ಉಳಿದಿರುತ್ತದೆ. ರಾಣಿ ಅಲ್ಲಿ ಮೊಟ್ಟೆ ಇಡಲು ಮರೆತಿದ್ದಾಳೆ, ಅದು ದುರ್ಬಲ ರಾಣಿಯ ಲಕ್ಷಣ ಎಂದು ಜೇನು ಸಾಕುವವರು ಹೇಳುವುದುಂಟು. 2003ರಲ್ಲಿ ವೂರ್ಟ್ಸ್‌ಬುರ್ಗ್‌ನ ಅದೇ ತಂಡ ತೋರಿಸಿದ್ದು ಬೇರೆ. ಕೆಲಸಗಾರ ನೊಣವೊಂದು ಆ ಖಾಲಿ ಕೋಣೆಗೆ ತಲೆ ಮುಂದಾಗಿ ಇಳಿಯುತ್ತದೆ. ಹೊರಗೆ ಹೊಟ್ಟೆಯ ತುದಿ ಮಾತ್ರ ಕಾಣುತ್ತದೆ. ವಿಶ್ರಾಂತಿಯೋ ಸ್ವಚ್ಛತೆಯೋ ಇರಬೇಕೆಂದು ಹಿಂದಿನವರು ಅಂದುಕೊಂಡಿದ್ದರು. ನಿಜಕ್ಕೆ ಅದು ತನ್ನ ಎದೆಯನ್ನು ಕಾಯಿಸಿಕೊಂಡು ಸುತ್ತಲಿನ ಆರೂ ಕೋಣೆಗಳ ಗೋಡೆಗೆ ಬಿಸಿ ಮುಟ್ಟಿಸುತ್ತಿರುತ್ತದೆ. ಮುಚ್ಚಳದ ಮೇಲೆ ನಿಂತು ಎದೆ ಒತ್ತಿದರೆ ಒಂದೇ ಮರಿಗೆ ಬಿಸಿ. ಕೋಣೆಯೊಳಗೆ ಹೊಕ್ಕರೆ ಆರಕ್ಕೆ. ಹೀಗೆ ದುಡಿಯುವ ನೊಣದ ಹೊಟ್ಟೆಯಲ್ಲಿನ ಜೇನು ಬೇಗ ಮುಗಿಯುತ್ತದೆ. ಆಗ ಇನ್ನೊಂದು ನೊಣ ಬಂದು ಬಾಯಿಗೆ ಬಾಯಿ ಕೊಟ್ಟು ಗಟ್ಟಿ ಜೇನು ಉಣಿಸಿ ಹೋಗುತ್ತದೆ. ಎಲ್ಲ ಕೋಣೆಯೂ ಭರ್ತಿಯಾದ ಎರಿಯೇ ಒಳ್ಳೆಯ ಎರಿ ಎಂಬ ನಮ್ಮ ಲೆಕ್ಕವನ್ನು ಈ ಒಂದು ಶೋಧ ತಿದ್ದಿತು.

ಮರಿಗಳಿಲ್ಲದ ಹಿಮದ ತಿಂಗಳುಗಳಲ್ಲಿ ನೊಣಗಳು ಏನು ಮಾಡುತ್ತವೆ ಎಂಬುದು ಇದಕ್ಕಿಂತ ಹಳೆಯ ಚರ್ಚೆ. ಇರುವೆಯಂತೆ ಜೇನುನೊಣವೂ ಚಳಿಯಲ್ಲಿ ಮರಗಟ್ಟಿ ಮಲಗುತ್ತದೆ ಎಂದೇ ಬಹಳ ಜನ ನಂಬಿದ್ದರು. ಸ್ವಿಟ್ಜರ್ಲೆಂಡಿನ ಫ್ರಾಂಸ್ವಾ ಹೂಬರ್ ಕಣ್ಣು ಕಾಣದವರು. ತಮ್ಮ ಸಹಾಯಕ ಬ್ಯುರ್ನೆನ್ಸ್‌ನ ಕಣ್ಣಿನಿಂದ ಜೇನುಗೂಡನ್ನು ಕಂಡವರು. 1792ರಲ್ಲಿ ಪ್ರಕಟವಾದ ಅವರ ಗ್ರಂಥ ಜೇನುಶಾಸ್ತ್ರಕ್ಕೆ ತಳಪಾಯ. ಚಳಿಗಾಲದ ನಡುವೆಯೂ ತುಂಬಿದ ಗೂಡಿನ ಒಳಗೆ ಬೆಚ್ಚಗಿರುತ್ತದೆ, ನೊಣಗಳು ಎಚ್ಚರವಾಗಿಯೇ ಇರುತ್ತವೆ ಎಂದು ಅವರು ಗಟ್ಟಿಯಾಗಿ ವಾದಿಸಿದರು. ಅದಕ್ಕೆ ಅಂಕಿಗಳ ಆಧಾರ ಸಿಕ್ಕಿದ್ದು 1914ರಲ್ಲಿ. ಅಮೆರಿಕದ ಕೃಷಿ ಇಲಾಖೆಯ ಫಿಲಿಪ್ಸ್ ಮತ್ತು ಡೆಮುತ್ ಗೂಡಿನೊಳಗೆ ವಿದ್ಯುತ್ ತಾಪಮಾಪಕಗಳನ್ನಿಟ್ಟು ಅಳೆದರು. ಹೊರಗಿನ ಬಿಸಿ ಸುಮಾರು 14 ಡಿಗ್ರಿಗೆ ಇಳಿದಾಗ ನೊಣಗಳು ಒಟ್ಟಾಗಿ ಗೊಂಚಲು ಕಟ್ಟುತ್ತವೆ, ಇನ್ನೂ ಇಳಿದಂತೆ ಗೊಂಚಲು ಕುಗ್ಗಿ ಬಿಗಿಯಾಗುತ್ತದೆ ಎಂದು ತೋರಿಸಿದರು.

ಗೊಂಚಲಿಗೆ ಎರಡು ಭಾಗ. ಹೊರಸುತ್ತಿನ ನೊಣಗಳು ತಲೆಯನ್ನು ಒಳಕ್ಕೆ ಚುಚ್ಚಿ, ಎದೆಯ ಮೇಲಿನ ರೋಮ ಒಂದಕ್ಕೊಂದು ಹೆಣೆದುಕೊಳ್ಳುವಂತೆ ಒತ್ತಿಕೊಳ್ಳುತ್ತವೆ. ಇವುಗಳ ಮೈ 10–12 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಬದುಕಿರಲು ಸಾಕು, ಕೆಲಸಕ್ಕೆ ಸಾಲದು. ಒಳಗಿನ ನೊಣಗಳು ಸಡಿಲವಾಗಿ ಓಡಾಡಿಕೊಂಡು, ಜೇನು ತಿಂದು, ಮೈ ಕಾಯಿಸುತ್ತವೆ. ಮರಿಗಳಿಲ್ಲದಾಗ ಒಳಗಿನ ಬಿಸಿ 20–30 ಡಿಗ್ರಿಯ ನಡುವೆ ಏರಿಳಿಯುತ್ತದೆ, ರಾಣಿ ಮತ್ತೆ ಮೊಟ್ಟೆ ಇಡತೊಡಗಿದೊಡನೆ 35ಕ್ಕೆ ಬಂದು ನಿಲ್ಲುತ್ತದೆ. ಇಷ್ಟು ಅಚ್ಚುಕಟ್ಟಿಗೆ ಯಾರೋ ಆಜ್ಞೆ ಕೊಡುತ್ತಿರಬೇಕು ಎಂಬ ಊಹೆ ಬಹುಕಾಲ ಇತ್ತು. ಬರ್ನ್ಡ್ ಹೈನ್‌ರಿಚ್ 1981ರಲ್ಲಿ ಪಾಲಾಗಿ ಹೊರಬಿದ್ದ ಜೇನುಹಿಂಡುಗಳನ್ನು ಅಳೆದು, ಯಾವ ಆಜ್ಞೆಯೂ ಬೇಕಿಲ್ಲ ಎಂದರು. ಹೊರಗಿನ ನೊಣಕ್ಕೆ ಚಳಿಯಾದರೆ ಒಳಗೆ ನುಗ್ಗುತ್ತದೆ, ಆಗ ಸಂದುಗಳು ಮುಚ್ಚಿ ಬಿಸಿ ಉಳಿಯುತ್ತದೆ. ಒಳಗಿನದಕ್ಕೆ ಸೆಕೆಯಾದರೆ ಹೊರಬರುತ್ತದೆ. ಪ್ರತಿ ನೊಣವೂ ತನ್ನ ಚಳಿಗೆ ತಾನು ಪರಿಹಾರ ಕಂಡುಕೊಂಡಾಗ ಇಡೀ ಗುಂಪಿನ ಚಳಿಗೆ ಪರಿಹಾರ ಸಿಗುತ್ತದೆ. 2003ರಲ್ಲಿ ಆಸ್ಟ್ರಿಯಾದ ಗ್ರಾಜ್ ನಗರದ ಸ್ಟಾಬೆಂಟೈನರ್ ತಂಡ ಗೊಂಚಲಿನ ಶಾಖಚಿತ್ರ ತೆಗೆದಾಗ, ಜೋರಾಗಿ ಮೈ ಕಾಯಿಸುವ ನೊಣಗಳು ಹೆಚ್ಚಾಗಿ ನಡುಭಾಗದಲ್ಲೇ ಇವೆ ಎಂಬುದೂ ಖಚಿತವಾಯಿತು.

ಇಲ್ಲಿಯವರೆಗೆ ಎಲ್ಲರೂ ಒಪ್ಪುವ ಮಾತು. 2023ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಡೆರೆಕ್ ಮಿಚೆಲ್ ಒಂದು ಆಕ್ಷೇಪ ಎತ್ತಿದರು. ಹೊರಸುತ್ತಿನ ನೊಣಗಳು ಒಳಗಿನವಕ್ಕೆ ಕಂಬಳಿ ಹೊದಿಸುತ್ತವೆ ಎಂದು ನೂರು ವರ್ಷಗಳಿಂದ ಪುಸ್ತಕಗಳಲ್ಲಿದೆ. ಕಂಬಳಿ ಬೆಚ್ಚಗಿರುವುದು ಅದರೊಳಗಿನ ಗಾಳಿಯಿಂದ. ನೊಣಗಳು ಒತ್ತಿಕೊಂಡಷ್ಟೂ ನಡುವಿನ ಗಾಳಿ ಹೊರಹೋಗಿ ಬಿಸಿ ಇನ್ನೂ ಸುಲಭವಾಗಿ ಸೋರುತ್ತದೆ ಎಂಬುದು ಅವರ ಲೆಕ್ಕ. ಹಾಗಿದ್ದರೆ ಗೊಂಚಲು ಕಟ್ಟುವುದು ನೆಮ್ಮದಿಯ ಏರ್ಪಾಡಲ್ಲ, ಸಂಕಟದ ಕೊನೆಯ ದಾರಿ. ಅವರದೇ 2016ರ ಅಧ್ಯಯನ ಇದಕ್ಕೆ ಜೊತೆಗೂಡುತ್ತದೆ: ದಪ್ಪ ಗೋಡೆಯ ಮರದ ಪೊಟರೆಗೆ ಹೋಲಿಸಿದರೆ ಮುಕ್ಕಾಲು ಇಂಚಿನ ಹಲಗೆಯ ಪೆಟ್ಟಿಗೆಯಿಂದ ಬಿಸಿ ನಾಲ್ಕರಿಂದ ಏಳು ಪಟ್ಟು ಹೆಚ್ಚು ಸೋರುತ್ತದೆ. ಗೊಂಚಲು ಕಟ್ಟುವುದನ್ನು ನಾವು ಜೇನಿನ ಸಹಜ ಸ್ವಭಾವ ಎಂದುಕೊಂಡದ್ದೇ ತೆಳು ಪೆಟ್ಟಿಗೆಗಳಲ್ಲಿ ಅದನ್ನು ಕಂಡದ್ದರಿಂದ ಎಂಬುದು ಮಿಚೆಲ್ ವಾದದ ತಿರುಳು.

ಈ ವಾದಕ್ಕೆ ಎಲ್ಲ ವಿಜ್ಞಾನಿಗಳೂ ತಲೆದೂಗಿಲ್ಲ. ನೊಣಗಳ ರೋಮ ಮತ್ತು ಒತ್ತಾದ ಹೊರಸುತ್ತು ಬಿಸಿಯನ್ನು ಹಿಡಿದಿಡುತ್ತವೆ ಎಂಬುದಕ್ಕೆ ಹಳೆಯ ಅಳತೆಗಳಿವೆ, ಅವನ್ನು ತಳ್ಳಿಹಾಕುವುದು ಸುಲಭವಲ್ಲ. ಆದರೆ ಪೆಟ್ಟಿಗೆಯ ಬಗ್ಗೆ ಮಿಚೆಲ್ ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಅದಕ್ಕೆ ಸಾಕ್ಷಿ ದೂರದಲ್ಲಿಲ್ಲ. ಕಾಶ್ಮೀರ, ಹಿಮಾಚಲದ ಹಳ್ಳಿಗಳಲ್ಲಿ ಮನೆಯ ದಪ್ಪ ಮಣ್ಣಿನ ಗೋಡೆಯಲ್ಲೇ ಗೂಡು ಕೊರೆದು, ಹೊರಮುಖಕ್ಕೆ ನೊಣ ಓಡಾಡುವಷ್ಟು ತೂತು ಬಿಟ್ಟು, ಒಳಮುಖಕ್ಕೆ ಹಲಗೆ ಮುಚ್ಚಿ ತುಡುವೆ ಜೇನನ್ನು ಸಾಕುವ ರೂಢಿ ತಲೆಮಾರುಗಳಿಂದ ಇದೆ. ಮನೆಮಂದಿಯ ಒಲೆಯ ಬಿಸಿ ಗೋಡೆಯ ಮೂಲಕ ಜೇನಿಗೂ ಸಿಗುತ್ತದೆ. ನಮ್ಮ ಮಲೆನಾಡಿನವರು ಹಿಂದೆ ಟೊಳ್ಳು ಮರದ ತುಂಡು, ಮಣ್ಣಿನ ಮಡಕೆಗಳಲ್ಲಿ ಜೇನು ಕೂರಿಸುತ್ತಿದ್ದರು. ಚೌಕಟ್ಟಿನ ಪೆಟ್ಟಿಗೆ ಬಂದು ಎರಿ ಮುರಿಯದೆ ಜೇನು ತೆಗೆಯುವ ಅನುಕೂಲವಾಯಿತು. ಅಮೆರಿಕದ ಲಾಂಗ್‌ಸ್ಟ್ರಾತ್ 1852ರಲ್ಲಿ ಪೇಟೆಂಟ್ ಪಡೆದ ಆ ಪೆಟ್ಟಿಗೆ ಮನುಷ್ಯನ ಕೈಗೆ ಹೊಂದುವಂತೆ ಆದದ್ದು, ನೊಣದ ಮೈಗಲ್ಲ.

ಚಳಿಯೂರಿನ ಜೇನು ಇನ್ನೂ ಎರಡು ಸಿದ್ಧತೆ ಮಾಡಿಕೊಳ್ಳುತ್ತದೆ. ಬೇಸಿಗೆಯ ಕೆಲಸಗಾರ ನೊಣ ನಾಲ್ಕರಿಂದ ಆರು ವಾರ ಬದುಕಿದರೆ, ಶರತ್ಕಾಲದಲ್ಲಿ ಹುಟ್ಟುವ ನೊಣ ಆರು ತಿಂಗಳವರೆಗೂ ಬದುಕಬಲ್ಲದು. ಅದರ ಹೊಟ್ಟೆಯಲ್ಲಿ ಕೊಬ್ಬಿನ ಸಂಗ್ರಹ ಹೆಚ್ಚು. ವಿಟೆಲೊಜೆನಿನ್ ಎಂಬ ಪ್ರೊಟೀನ್ ರಕ್ತದಲ್ಲಿ ತುಂಬಿರುತ್ತದೆ. ಇನ್ನೊಂದು ಸಿದ್ಧತೆ ಜೇನಿನ ದಾಸ್ತಾನು. 100 ಗ್ರಾಂ ಜೇನಿನಲ್ಲಿ ಸುಮಾರು 300 ಕಿಲೊಕ್ಯಾಲೊರಿ ಶಕ್ತಿ ಇದೆ. ಒಂದು ಗೊಂಚಲು 20 ವ್ಯಾಟ್‌ನಷ್ಟು ಬಿಸಿಯನ್ನು ಹಗಲೂ ರಾತ್ರಿ ಉಂಟುಮಾಡಬೇಕೆಂದರೆ ದಿನಕ್ಕೆ 140 ಗ್ರಾಂ ಹತ್ತಿರ, ವಾರಕ್ಕೆ ಸುಮಾರು ಒಂದು ಕಿಲೊ ಜೇನು ಉರಿಯುತ್ತದೆ. ಹಿಮದ ನಾಡಿನ ಕುಟುಂಬವೊಂದು ಚಳಿಗಾಲಕ್ಕೆ 15ರಿಂದ 25 ಕಿಲೊ ಜೇನು ಕೂಡಿಡುವುದು ಇದಕ್ಕೇ. ಬಿಸಿಯ ಹಿಂದೆಯೇ ತೇವವೂ ಬರುತ್ತದೆ. ಒಂದು ಕಿಲೊ ಜೇನು ಉರಿದಾಗ ಮುಕ್ಕಾಲು ಲೀಟರಿಗೆ ಸ್ವಲ್ಪ ಕಡಿಮೆ ನೀರು ಆವಿಯಾಗಿ ಹೊರಬರುತ್ತದೆ. ಅದು ತಣ್ಣನೆಯ ಮುಚ್ಚಳಕ್ಕೆ ತಾಗಿ ಹನಿಯಾಗಿ ನೊಣಗಳ ಮೇಲೇ ತೊಟ್ಟಿಕ್ಕಿದರೆ ಒಣ ಚಳಿಗಿಂತ ಅಪಾಯ.

ಇನ್ನು ನಮ್ಮ ನೆಲದ ಜೇನುಗಳು. ಹೆಜ್ಜೇನು ಮತ್ತು ಕೋಲುಜೇನು ಬಯಲಲ್ಲಿ ಒಂದೇ ಎರಿ ಕಟ್ಟುವಂಥವು. ತುಡುವೆ ಮತ್ತು ಹೊರಗಿನಿಂದ ಬಂದ ಮೆಲ್ಲಿಫೆರಾ ಕತ್ತಲೆಯ ಪೊಟರೆಯಲ್ಲಿ ಹಲವು ಎರಿ ಕಟ್ಟುವಂಥವು. 1980ರ ದಶಕದಲ್ಲಿ ಥಾಯ್ಲೆಂಡಿನಲ್ಲಿ ಈ ಜಾತಿಗಳನ್ನು ಒಟ್ಟಿಗೆ ಅಳೆದ ಫ್ರೆಡ್ ಡಯರ್ ಮತ್ತು ಥಾಮಸ್ ಸೀಲಿ, ಪೊಟರೆಯ ಜೇನುಗಳು ತಮ್ಮ ಗಾತ್ರಕ್ಕೆ ಮೀರಿ ಶಕ್ತಿ ಸುಡುತ್ತವೆ, ಬಯಲಿನ ಜೇನುಗಳು ನಿಧಾನದ ಬದುಕಿನವು ಎಂದು ತೋರಿಸಿದರು. ಬಿಸಿ ಹಿಡಿದಿಡಲು ಗೋಡೆಯಿದ್ದರೆ ತಾನೇ ಅಷ್ಟು ಸುಟ್ಟು ಪ್ರಯೋಜನ. ಬಯಲಿನ ಜೇನಿನ ಮುಖ್ಯ ಉಪಾಯ ಜಾಗ ಬದಲಿಸುವುದು. ಕೋಲುಜೇನು ತಂಪಿನ ದಿನಗಳಲ್ಲಿ ಎಳೆಬಿಸಿಲು ಬೀಳುವ ಪೊದೆಗೆ, ಬೇಸಿಗೆಯಲ್ಲಿ ದಟ್ಟ ನೆರಳಿಗೆ ಸಂಸಾರ ಸಾಗಿಸುತ್ತದೆ. ಹೋಗುವಾಗ ಹಳೆಯ ಎರಿಯ ಮೇಣವನ್ನೂ ಕಿತ್ತು ಒಯ್ಯುವುದುಂಟು. ಹೆಜ್ಜೇನು ಹೂವಿನ ಹಿಂದೆ 200 ಕಿಲೊಮೀಟರ್‌ವರೆಗೂ ಹೋಗುತ್ತದೆ. ಹಿಮಾಲಯದ ಬಂಡೆಜೇನಿನ ಕತೆಯನ್ನು ಬೆಂಜಮಿನ್ ಅಂಡರ್‌ವುಡ್ 1990ರಲ್ಲಿ ನೇಪಾಳದಿಂದ ವರದಿ ಮಾಡಿದರು. ಅದು ಚಳಿಗೆ ಎತ್ತರದ ಬಂಡೆಗಳನ್ನು ಬಿಟ್ಟು ಕೆಳಗಿನ ಕಾಡಿಗಿಳಿದು, ಎರಿಯನ್ನೇ ಕಟ್ಟದೆ, ಬರೀ ನೊಣಗಳ ಗೊಂಚಲಾಗಿ ಕೊಂಬೆಯಡಿ ಕುಳಿತು ಚಳಿಗಾಲ ಕಳೆಯುತ್ತದೆ.

ತುಡುವೆಯ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ಹಿಮಾಚಲದಲ್ಲಿ ನಡೆದ ಅಧ್ಯಯನಗಳಲ್ಲಿ ತುಡುವೆ ಮೆಲ್ಲಿಫೆರಾಕ್ಕಿಂತ ಬೇಗ, ಇನ್ನೂ ಚಳಿ ಬಿಡದ ಬೆಳಗಿನಲ್ಲೇ ಹೂವಿಗೆ ಹೊರಡುವುದು ಕಂಡುಬಂದಿದೆ. ಕಾಶ್ಮೀರದ ತುಡುವೆ ನಮ್ಮ ಕೊಡಗಿನ ತುಡುವೆಗಿಂತ ಗಾತ್ರದಲ್ಲೂ ದೊಡ್ಡದು, ಜೇನು ಕೂಡಿಡುವುದರಲ್ಲೂ ಮುಂದು. ಮೈ ಕಾಯಿಸುವ ಸ್ನಾಯುವನ್ನೇ ತುಡುವೆ ಆಯುಧವಾಗಿಯೂ ಬಳಸುತ್ತದೆ. ಕಣಜ ದಾಳಿಯಿಟ್ಟರೆ ನೂರಾರು ನೊಣಗಳು ಅದನ್ನು ಮುತ್ತಿ ಉಂಡೆಯಾಗಿ ಮೈ ಕಾಯಿಸುತ್ತವೆ. ಜಪಾನಿನ ಓನೊ ತಂಡ 1995ರಲ್ಲಿ ಅಳೆದಂತೆ ಆ ಉಂಡೆಯೊಳಗೆ ಬಿಸಿ 46–47 ಡಿಗ್ರಿಗೆ ಏರುತ್ತದೆ. ಕಣಜ ಸಾಯುತ್ತದೆ, ನೊಣಗಳು ಉಳಿಯುತ್ತವೆ.

ಈಗ ಗುಜರಾತಿಗೆ ಬರೋಣ. ಇಲ್ಲಿಯ ಪೆಟ್ಟಿಗೆಜೇನು ಹೆಚ್ಚಾಗಿ ಮೆಲ್ಲಿಫೆರಾ. 1960ರ ದಶಕದ ಆರಂಭದಲ್ಲಿ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎ. ಎಸ್. ಅತ್ವಾಲ್ ಅವರು ಹಿಮಾಚಲದ ನಗ್ರೋಟಾದಲ್ಲಿ ನೆಲೆಗೊಳಿಸಿದ ಈ ಜೇನು ಅಲ್ಲಿಂದ ಬಯಲುಸೀಮೆಗೆಲ್ಲ ಹರಡಿತು. ಗುಜರಾತಿನಲ್ಲಿ ಚಳಿಗಾಲವೆಂದರೆ ಹೂವಿನ ಕಾಲ. ಬನಾಸಕಾಂಠಾ, ಮೆಹಸಾಣಾ, ಪಾಟಣ್ ಕಡೆ ಸಾಸಿವೆ, ಊಂಝಾದ ಸುತ್ತ ಬಡೇಸೋಪು, ಓಮ. ವಡೋದರಾ, ಭರೂಚ್ ಕಡೆ ತೊಗರಿ. ನವೆಂಬರಿನಿಂದ ಫೆಬ್ರವರಿವರೆಗೆ ಒಂದರ ಹಿಂದೊಂದು ಅರಳುತ್ತವೆ. ಕಾಶ್ಮೀರದ ಜೇನುಗಾರರು ಚಳಿಗೆ ಪೆಟ್ಟಿಗೆಗಳನ್ನು ಲಾರಿಗೇರಿಸಿ ಪಂಜಾಬ್, ರಾಜಸ್ಥಾನದ ಸಾಸಿವೆ ಹೊಲಗಳಿಗೆ ಇಳಿಯುತ್ತಾರೆ. ಗುಜರಾತಿನವರು ತಮ್ಮ ರಾಜ್ಯದೊಳಗೇ ಬೆಳೆಯಿಂದ ಬೆಳೆಗೆ ಸಾಗಿಸುತ್ತಾರೆ. ಹೆಜ್ಜೇನು ರೆಕ್ಕೆಯಿಂದ ಮಾಡುವುದನ್ನು ಇವರು ಲಾರಿಯಿಂದ ಮಾಡುತ್ತಾರೆ. ಬನಾಸ್ ಡೇರಿ ಹಾಲಿನ ಸಹಕಾರ ಸಂಘಗಳ ಜಾಲದ ಮೂಲಕವೇ ರೈತರಿಂದ ಜೇನು ಕೊಳ್ಳತೊಡಗಿತು. 2021ರ ಸೆಪ್ಟೆಂಬರಿನಲ್ಲಿ ಅಮುಲ್ ಹೆಸರಿನಲ್ಲೂ ಜೇನು ಮಾರುಕಟ್ಟೆಗೆ ಬಂತು.

ಹಗಲು 28–30 ಡಿಗ್ರಿ, ರಾತ್ರಿ 10–12. ಈ ಹವೆಯಲ್ಲಿ ಹಿಮದ ನಾಡಿನ ಹಾಗೆ ವಾರಗಟ್ಟಲೆ ಗೊಂಚಲು ಕಟ್ಟಿ ಕೂರುವ ಪ್ರಶ್ನೆಯೇ ಇಲ್ಲ. ಇಲ್ಲಿಯ ತೊಂದರೆ ಒಂದು ರಾತ್ರಿಯ ತೊಂದರೆ. ಹಗಲಿನ ಬಿಸಿಗೆ ಅಗಲವಾಗಿ ಹರಡಿ ಮರಿ ಬೆಳೆಸಿದ ಸಂಸಾರ ರಾತ್ರಿ ನಡುವಿಗೆ ಕುಗ್ಗುತ್ತದೆ. ಆಗ ಅಂಚಿನ ಎರಿಗಳ ಮರಿಗಳ ಮೇಲೆ ನೊಣಗಳಿರುವುದಿಲ್ಲ. ಬೆಳಿಗ್ಗೆ ಪೆಟ್ಟಿಗೆಯ ಬಾಗಿಲಲ್ಲಿ ಬೆಳ್ಳಗಿನ ಸತ್ತ ಹುಳುಗಳು ಬಿದ್ದಿದ್ದರೆ ಅದಕ್ಕೆ ರೋಗವೇ ಕಾರಣವಾಗಿರಬೇಕಿಲ್ಲ. ಜೇನು ಬೇಗ ಹೆಚ್ಚಲಿ ಎಂಬ ಆತುರಕ್ಕೆ ನಡುವೆ ಖಾಲಿ ಚೌಕಟ್ಟು ತೂರಿಸಿದ್ದರ ಫಲವೂ ಆಗಿರಬಹುದು. ನೊಣ ಮುಚ್ಚುವಷ್ಟೇ ಚೌಕಟ್ಟು ಉಳಿಸಿ ಪಕ್ಕಕ್ಕೆ ಹಲಗೆ ಕೊಡುವುದು, ಮೇಲೆ ಗೋಣಿ ಹಾಸುವುದು, ಬಾಗಿಲನ್ನು ಕಿರಿದು ಮಾಡಿ ಪೂರ್ವ ಅಥವಾ ದಕ್ಷಿಣಕ್ಕೆ ತಿರುಗಿಸುವುದು, ಬಿಸಿಲೇರುವ ಮೊದಲು ಮುಚ್ಚಳ ತೆರೆಯದಿರುವುದು. ಇಷ್ಟು ಸಾಕು. ಸಕ್ಕರೆ ಪಾಕ ಕೊಡಲೇಬೇಕಾದರೆ ಎರಡು ಪಾಲು ಸಕ್ಕರೆಗೆ ಒಂದು ಪಾಲು ನೀರಿನ ಗಟ್ಟಿ ಪಾಕ. ತೆಳು ಪಾಕದ ನೀರನ್ನು ಆರಿಸಲು ನೊಣಗಳು ಇದ್ದ ಬಿಸಿಯನ್ನೂ ಖರ್ಚು ಮಾಡಬೇಕಾಗುತ್ತದೆ. ಪಂಜಾಬಿನಲ್ಲಿ ಮಾಡುವಂತೆ ಭತ್ತದ ಹುಲ್ಲು ತುಂಬಿ ಪೆಟ್ಟಿಗೆ ಸುತ್ತುವ ಕೆಲಸ ವಡೋದರಾದಲ್ಲಿ ಅನಗತ್ಯ.

ಇಲ್ಲಿಯ ಕಷ್ಟಕಾಲ ಮೇ ತಿಂಗಳು. ಹೊರಗೆ 42–43 ಡಿಗ್ರಿ, ಹೊಲದಲ್ಲಿ ಹೂವಿಲ್ಲ. ಜೇನು ಆಗಲೂ ಅದೇ 35 ಡಿಗ್ರಿಗಾಗಿ ಹೋರಾಡುತ್ತದೆ, ಉಪಾಯ ಮಾತ್ರ ತಿರುಗುಮುರುಗು: ರೆಕ್ಕೆ ಬೀಸಿ ಗಾಳಿಯಾಡಿಸುತ್ತದೆ, ನೀರು ತಂದು ಎರಿಗೆ ಸವರುತ್ತದೆ. ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ ಇಟಲಿಯ ಸಲೆರ್ನೊ ಬಳಿ ಲಾವಾ ಬಯಲಿನ ಉರಿಬಿಸಿಲಿನಲ್ಲಿ ಗೂಡು ಇಟ್ಟು ನೋಡಿದರು. ಹೊರಗೆ 70 ಡಿಗ್ರಿ, ಒಳಗೆ 35. ಹತ್ತಿರ ನೀರಿದ್ದದ್ದರಿಂದ ಅದು ಸಾಧ್ಯವಾಯಿತು. ಪೆಟ್ಟಿಗೆಯಿಂದ ಅರ್ಧ ಕಿಲೊಮೀಟರಿನೊಳಗೆ ನೀರಿಲ್ಲದ ಜಾಗದಲ್ಲಿ ಬೇಸಿಗೆ ಕಳೆಯಿರಿ ಎಂದು ಜೇನಿಗೆ ಹೇಳುವುದು ಕ್ರೌರ್ಯ.

ನಮ್ಮ ಮಲೆನಾಡಿನಲ್ಲಿ ಚಳಿಗಾಲದ ಪಾತ್ರ ವಹಿಸುವುದು ಮಳೆಗಾಲ. ಶಿರಸಿ, ಸುಳ್ಯ, ಮಡಿಕೇರಿಯ ಕಡೆ ಜೇನು ಸಾಕುವವರನ್ನು ಕೇಳಿ, ಅವರು ಹೆದರುವುದು ಪುಷ್ಯದ ಚಳಿಗಲ್ಲ, ಆಷಾಢದ ಜಡಿಮಳೆಗೆ. ಹೊರಗೆ 20 ಡಿಗ್ರಿ ಇದ್ದರೂ ಮಳೆ ಬಿಡದೆ ನೊಣ ಹೊರಬೀಳಲಾಗದು. ಹೊರಬಿದ್ದರೂ ಪರಾಗವಿಲ್ಲ, ಮಕರಂದವಿಲ್ಲ. ಏಪ್ರಿಲ್, ಮೇನಲ್ಲಿ ಜೇನು ಕೋಣೆಯ ಜೊತೆಗೆ ಸಂಸಾರ ಕೋಣೆಯ ಎರಿಗೂ ಕೈಹಾಕಿ ತೆಗೆದಿದ್ದರೆ ಜುಲೈಯಲ್ಲಿ ಆ ಕುಟುಂಬಕ್ಕೆ ಸುಡಲು ಏನೂ ಉಳಿದಿರುವುದಿಲ್ಲ. ಬಿಸಿ ಉಳಿಸಿಕೊಳ್ಳಲಾಗದ ಸಂಸಾರದಲ್ಲಿ ರಾಣಿ ಮೊಟ್ಟೆ ನಿಲ್ಲಿಸುತ್ತಾಳೆ. ನೊಣ ಮುಚ್ಚದ ಎರಿಗೆ ಮೇಣದ ಪತಂಗ ಹತ್ತುತ್ತದೆ. ಒಂದು ಮಧ್ಯಾಹ್ನ ಮಳೆ ನಿಂತ ಹೊತ್ತಿಗೆ ಇದ್ದ ನೊಣಗಳೆಲ್ಲ ಪೆಟ್ಟಿಗೆ ಬಿಟ್ಟು ಹೊರಟುಹೋಗುತ್ತವೆ. ಹೆಜ್ಜೇನಂತೂ ಮುಂಗಾರು ಹಿಡಿಯುವ ಮೊದಲೇ ಘಟ್ಟ ಬಿಟ್ಟು ಬಯಲುಸೀಮೆ ಸೇರಿರುತ್ತದೆ. 1991–92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಕೊಡಗು, ದಕ್ಷಿಣ ಕನ್ನಡದ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದದ್ದನ್ನು ಕಂಡವರು ಇನ್ನೂ ಇದ್ದಾರೆ. ಉಳಿದ ಕುಟುಂಬಗಳಿಂದ ಮತ್ತೆ ಜೇನುಕೃಷಿ ಕಟ್ಟಿದ ಅವರ ತಾಳ್ಮೆ ದೊಡ್ಡದು.

ಚಳಿ ನೇರವಾಗಿ ಜೇನನ್ನು ಕೊಲ್ಲುವುದು ಅಪರೂಪ. ಅಮೆರಿಕದಲ್ಲಿ ಚಳಿಗಾಲ ಮುಗಿಯುವಷ್ಟರಲ್ಲಿ ಮೂರರಲ್ಲಿ ಒಂದರಷ್ಟು ಕುಟುಂಬಗಳು ಸಾಯುವ ವರ್ಷಗಳೂ ಇವೆ. ಅಲ್ಲಿ ಮೊದಲ ಆರೋಪಿ ವರೋವಾ ಉಣ್ಣೆ. ಅದು ಶರತ್ಕಾಲದಲ್ಲಿ ಹುಟ್ಟುವ ನೊಣದ ಕೊಬ್ಬನ್ನೇ ಹೀರುತ್ತದೆ, ಆರು ತಿಂಗಳು ಬದುಕಬೇಕಾದದ್ದು ಆರು ವಾರಕ್ಕೆ ಸಾಯುತ್ತದೆ. ಅದರ ನಂತರ ಹಸಿವು, ತೇವ. ಜೇನುತುಪ್ಪವಿದ್ದು, ನೊಣಗಳ ಸಂಖ್ಯೆಯಿದ್ದು, ಮೇಲಿನಿಂದ ನೀರು ತೊಟ್ಟಿಕ್ಕದಿದ್ದರೆ ಕುಟುಂಬ ಮೈನಸ್ 20ನ್ನೂ ದಾಟುತ್ತದೆ. ಇವಿಲ್ಲದಿದ್ದರೆ ಸುಳ್ಯದ 20 ಡಿಗ್ರಿಯನ್ನೂ ದಾಟುವುದಿಲ್ಲ.

ಗುಜರಾತಿನ ಚಳಿಗಾಲದಲ್ಲಿ ಜೇನಿನ ಮೇಲೆ ಇನ್ನೊಂದು ಹೊಡೆತವಿದೆ. ಜನವರಿಯ ಮೋಡ, ಮಂಜಿನ ದಿನಗಳಲ್ಲಿ ಸಾಸಿವೆಗೆ ಸಸ್ಯಹೇನು ಹತ್ತುತ್ತದೆ. ಹೊಲ ಹೂವು ತುಂಬಿರುವಾಗ, ನೊಣಗಳು ಚಳಿ ಬಿಟ್ಟು ಹಾರತೊಡಗುವ ಹೊತ್ತಿಗೇ ಔಷಧ ಸಿಂಪಡಿಸುತ್ತಾರೆ. ಹೊರಗೆ ಹೋದ ನೊಣಗಳು ಹೊಲದಲ್ಲೇ ಬಿದ್ದರೆ ಅಂದು ರಾತ್ರಿ ಮರಿಗಳ ಮೈ ಕಾಯಿಸಲು ನೊಣಗಳೇ ಸಾಲುವುದಿಲ್ಲ. ನಗರದಲ್ಲಿ ನಡೆಯುವುದು ಇನ್ನೂ ನೇರ. ಉತ್ತರಾಯಣಕ್ಕೆ ಇಡೀ ವಡೋದರಾ ಗಾಳಿಪಟ ಹಿಡಿದು ತಾರಸಿ ಹತ್ತುತ್ತದೆ. ಅದಕ್ಕೆ ಮುಂಚೆ ಟ್ಯಾಂಕಿನಡಿಯ ಹೆಜ್ಜೇನು ತೆಗೆಸಬೇಕೆಂಬ ಒತ್ತಾಯ ಶುರುವಾಗುತ್ತದೆ. ಮರಿ ಬಿಟ್ಟು ಹಾರಲಾಗದೆ ಪರದೆ ಕಟ್ಟಿ ಕುಳಿತ ನೊಣಗಳಿಗೆ ರಾತ್ರಿ ಬೆಂಕಿ ಹಿಡಿಯುವುದು, ವಿಷ ಹೊಡೆಯುವುದು ಎಷ್ಟೋ ಕಡೆ ಇಂದಿಗೂ ನಡೆಯುತ್ತಿದೆ. ಹೆಜ್ಜೇನಿನ ಭಯ ಸುಳ್ಳಲ್ಲ, ಅದರ ದಾಳಿಯಲ್ಲಿ ಜೀವ ಹೋದದ್ದಿದೆ. ಆದರೆ ಕೆಣಕದ ಹೆಜ್ಜೇನು ಹೂವು ಮುಗಿದ ಮೇಲೆ ತಾನಾಗಿ ಎದ್ದುಹೋಗುತ್ತದೆ.

ಆದ್ದರಿಂದ ಬೇಡಿಕೆ ಮೂರೇ. ಪೆಟ್ಟಿಗೆ ಇಟ್ಟವರು ಸಂಸಾರ ಕೋಣೆಯ ಜೇನಿಗೆ ಕೈಹಾಕಬೇಡಿ, ಮಲೆನಾಡಿನಲ್ಲಿ ಮಳೆಗೆ ಮುಂಚೆ, ಗುಜರಾತಿನಲ್ಲಿ ಬೇಸಿಗೆಗೆ ಮುಂಚೆ ಎರಡು ಚೌಕಟ್ಟು ತುಂಬಿದ ಜೇನನ್ನು ನೊಣಗಳಿಗೇ ಬಿಡಿ. ಹೂಬಿಟ್ಟ ಹೊಲಕ್ಕೆ ಔಷಧ ಹೊಡೆಯಲೇಬೇಕಾದರೆ ಸಂಜೆ, ನೊಣ ಗೂಡಿಗೆ ಮರಳಿದ ಮೇಲೆ ಹೊಡೆಯಿರಿ. ಟ್ಯಾಂಕಿನಡಿ ಹೆಜ್ಜೇನಿದ್ದರೆ ಆ ಭಾಗದ ತಾರಸಿಗೆ ಬೀಗ ಹಾಕಿ, ಗಾಳಿಪಟವನ್ನು ಬೇರೆ ತಾರಸಿಯಿಂದ ಹಾರಿಸಿ, ಹೂವಿನ ಕಾಲ ಮುಗಿಯುವವರೆಗೆ ಅದನ್ನು ಅದರ ಪಾಡಿಗೆ ಬಿಡಿ.